ಓಡ್ತಿರೋ ಅಕ್ವೇರಿಯಂನಲ್ಲಿ ಮರಳು ಬದಲಾಯಿಸೋದು ಹೆಂಗೆ, ಅದೂ ನಮ್ಮ ಕೋಲಾರದ ಬೋರ್ ನೀರಲ್ಲಿ

ಟ್ಯಾಂಕ್ ತಗೊಂಡಾಗ ಅಂಗಡಿಯವರು ಜೊತೇಲೇ ಕಟ್ಟಿ ಕೊಡ್ತಾರಲ್ಲ ಆ ನೀಲಿ ಗುಲಾಬಿ ಬಣ್ಣದ ಕಲ್ಲು, ಒಂದೆರಡು ವರ್ಷ ಆಗೋಷ್ಟರಲ್ಲಿ ಅದರ ಬಣ್ಣ ಎದ್ದು, ಅಲ್ಲಲ್ಲಿ ಬೆಳ್ಳಗಾಗಿ, ಮೇಲೆ ಪಾಚಿ ಕಟ್ಟಿ ನೋಡಕ್ಕೇ ಬೇಜಾರಾಗತ್ತೆ. ಆಗ ಒಂದು ಭಾನುವಾರ ತಲೆ ಕೆಟ್ಟು ಎಲ್ಲಾ ಕಿತ್ತು ಹೊರಗೆ ಹಾಕಿ, ಟ್ಯಾಂಕ್ ಉಜ್ಜಿ ಉಜ್ಜಿ ತೊಳೆದು, ಫಿಲ್ಟರ್ ಸ್ಪಂಜನ್ನೂ ನಲ್ಲಿ ಕೆಳಗೆ ಹಿಂಡಿ, ಹೊಸ ಮರಳು ಹೊಸ ನೀರು ತುಂಬಿಸಿ, ಸಂಜೆಗೆ ಫೋಟೋ ತೆಗೆದು ಸ್ಟೇಟಸ್ ಹಾಕ್ತಾರೆ, ಬುಧವಾರಕ್ಕೆ ಫೋನ್ ಬರತ್ತೆ, "ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದಾವೆ, ಏನ್ ಹಾಕ್ಲಿ?" ಅಂತ. ಆ ಟೈಮಲ್ಲಿ ಹಾಕೋಕೆ ಔಷಧಿ ಅಂತ ಏನೂ ಇಲ್ಲ, ಮಾಡಬೇಕಾಗಿದ್ದೆಲ್ಲ ಭಾನುವಾರಕ್ಕೆ ಮುಂಚೆ ಮಾಡ್ಬೇಕಿತ್ತು.

ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೇ ಬರೀತಿದೀನಿ. ಮರಳು ಹಾಕೋದು ಅರ್ಧ ದಿನದ ಕೆಲಸ ಅಷ್ಟೇ, ಅದರ ಹಿಂದೆ ಮುಂದೆ ಇರೋ ಮೂರ್ನಾಲ್ಕು ವಾರಾನೇ ನಿಜವಾದ ಕೆಲಸ.

ಮೊದಲು ಬದಲಾಯಿಸಲೇಬೇಕಾ ಅಂತ ನೋಡ್ಕೊಳ್ಳಿ. ಕಲ್ಲು ಗಲೀಜಾಗಿದೆ ಅನ್ನೋದು ಕಾರಣ ಅಲ್ಲ, ಅದನ್ನ ಟ್ಯಾಂಕ್ ಒಳಗೇ ಸೈಫನ್ ಹಾಕಿ, ಅಂದ್ರೆ ಪೈಪಲ್ಲಿ ನೀರಿನ ಜೊತೆ ಗಲೀಜು ಎಳೆದು, ಕ್ಲೀನ್ ಮಾಡಬಹುದು. ಬಣ್ಣ ಬಿಡ್ತಿರೋ ಕಲ್ಲು ಆಗಿದ್ರೆ ತೆಗೀರಿ. ಬಿಳೀ ಮಾರ್ಬಲ್ ಚೂರು ಹಾಕಿದ್ರೆ ತೆಗೀರಿ, ಯಾಕಂದ್ರೆ ಅದು ಸುಣ್ಣದ ಅಂಶ, ನಮ್ಮ ನೀರಲ್ಲಿ ಮೊದಲೇ ಗಡಸು ಜಾಸ್ತಿ, ಅದರ ಮೇಲೆ ಇದು ಬೇರೆ ಯಾಕೆ. ಕೋರಿಡೋರಸ್, ಲೋಚ್ ಥರ ನೆಲ ಕೆದಕಿ ತಿನ್ನೋ ಮೀನು ತರ್ತಿದ್ರೆ ಚೂಪು ಕಲ್ಲು ತೆಗೆದು ನುಣುಪು ಮರಳು ಹಾಕಿ, ಇಲ್ಲ ಅಂದ್ರೆ ಮೀಸೆ ಸವೆದು ಹೋಗ್ತವೆ. ಗಿಡ ಬೆಳೆಸಬೇಕು ಅನ್ನೋರಿಗೂ ಕಾರಣ ಇದೆ. ಬರೀ ಕಲರ್ ಚೇಂಜ್ ಅಂದ್ರೆ, ನಿಮ್ಮಿಷ್ಟ, ಆದ್ರೆ ಮೀನಿಗೆ ಅದರಿಂದ ಏನೂ ಲಾಭ ಇಲ್ಲ ಅನ್ನೋದು ಗೊತ್ತಿರ್ಲಿ.

ಈಗ ತಳದಲ್ಲಿ ಏನಿರತ್ತೆ ಅಂತ. ಮೀನಿನ ಕಕ್ಕ, ಉಳಿದ ಫುಡ್ಡು ಕೊಳೆತು ಅಮೋನಿಯಾ ಆಗತ್ತೆ, ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಇನ್ನೊಂದು ಜಾತಿ ನೈಟ್ರೈಟನ್ನ ನೈಟ್ರೇಟ್ ಮಾಡತ್ತೆ. ಮೊದಲೆರಡೂ ವಿಷ, ಮೂರನೇದು ತಕ್ಕಮಟ್ಟಿಗೆ ಪರವಾಗಿಲ್ಲ, ವಾರವಾರ ನೀರು ಬದಲಾಯಿಸಿದ್ರೆ ಹೋಗತ್ತೆ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲ್ಕೊಂಡಿರೋದು ಕಮ್ಮಿ, ಜಾಸ್ತಿ ಇರೋದು ಯಾವುದಾದ್ರೂ ಮೇಲ್ಮೈಗೆ ಅಂಟ್ಕೊಂಡು, ಅಂದ್ರೆ ಫಿಲ್ಟರ್ ಸ್ಪಂಜು, ಕಲ್ಲು, ಮರಳು, ಗಾಜು, ಗಿಡದ ಎಲೆ. ಹಾಗಾಗಿ ಎಲ್ಲಾ ಕಲ್ಲೂ ಒಂದೇ ಸಲ ತೆಗೆದ್ರೆ ಆ ಬ್ಯಾಕ್ಟೀರಿಯಾದ ಒಂದು ಪಾಲು ಆಚೆ ಹೋಯ್ತು ಅಂತ. ಎಷ್ಟು ಪಾಲು ಅನ್ನೋದು ನಿಮ್ಮ ಫಿಲ್ಟರ್ ಮೇಲಿದೆ. ಒಳ್ಳೇ ಸ್ಪಂಜ್ ಫಿಲ್ಟರೋ, ಹೊರಗಿಡೋ ಕ್ಯಾನಿಸ್ಟರೋ ಇದ್ರೆ ಮುಖ್ಯ ಪಾಲು ಅದರೊಳಗೇ ಇರತ್ತೆ, ಅಷ್ಟು ಭಯ ಬೇಡ.

ಆದ್ರೆ ಹಳೇ ಟ್ಯಾಂಕುಗಳಲ್ಲಿ ಕಲ್ಲಿನ ಕೆಳಗೆ ಪ್ಲಾಸ್ಟಿಕ್ ಜಾಲರಿ ತಟ್ಟೆ ಇಟ್ಟು, ಮೂಲೇಲಿ ಪೈಪ್ ನಿಲ್ಲಿಸಿ, ಏರ್ ಪಂಪಿಂದ ಗುಳುಗುಳು ಅನ್ನಿಸ್ತಾರಲ್ಲ, ಅಂಡರ್ ಗ್ರಾವೆಲ್ ಫಿಲ್ಟರ್, ನಮ್ಮ ಕಡೆ ಇನ್ನೂ ಎಷ್ಟೋ ಮನೇಲಿ ಅದೇ ಇದೆ, ಅದು ನಿಮ್ದಾಗಿದ್ರೆ ಇಲ್ಲೇ ನಿಲ್ಲಿ. ಅದರಲ್ಲಿ ಕಲ್ಲೇ ಫಿಲ್ಟರ್. ಕಲ್ಲು ತೆಗೆದ್ರೆ ಫಿಲ್ಟರ್ ಪೂರ್ತಿ ತೆಗೆದು ಬಿಸಾಕಿದ ಹಾಗೆ. ಜೊತೆಗೆ ಆ ತಟ್ಟೆ ಮೇಲೆ ಸಣ್ಣ ಮರಳು ಹಾಕಕ್ಕೂ ಆಗಲ್ಲ, ಜಾಲರಿ ತೂತಲ್ಲಿ ಇಳಿದು ಕಟ್ಕೊಳ್ಳತ್ತೆ. ನೀವು ಮಾಡಬೇಕಾಗಿದ್ದು, ಇವತ್ತೇ ಒಂದು ಸ್ಪಂಜ್ ಫಿಲ್ಟರ್ ತಂದು ಅದೇ ಟ್ಯಾಂಕಲ್ಲಿ ಜೊತೆಗೆ ಓಡ್ಸಿ, ನಾಲ್ಕರಿಂದ ಆರು ವಾರ ಎರಡೂ ಓಡ್ಲಿ, ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಜಾರುಜಾರಾದ ಮೇಲೆ ಮುಂದಿನ ಮಾತು.

ಇನ್ನು ನಮ್ಮ ನೀರಿನ ವಿಷಯ, ಇದನ್ನ ಬೇರೆ ಊರಿನವರ ವಿಡಿಯೋದಲ್ಲಿ ಯಾರೂ ಹೇಳಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್ ಸಾವಿರ ಅಡಿ ದಾಟಿರೋದು ಮಾಮೂಲು, ಆ ನೀರು ಗಡಸು, ಬಕೆಟ್ಟಿಗೆ ಬಿಳೀ ಪಟ್ಟೆ ಕಟ್ಟೋದು ನೀವೇ ನೋಡಿರ್ತೀರ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ, 7 ಅಂದ್ರೆ ಮಧ್ಯ) ಸಾಮಾನ್ಯವಾಗಿ 7ಕ್ಕಿಂತ ಮೇಲೇ. ಇಲ್ಲಿ ಒಂದು ಲೆಕ್ಕ ತಿಳ್ಕೊಬೇಕು. ನೀರಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರತ್ತೆ, ಒಂದು ಮೀನಿಗೆ ಅಷ್ಟೇನು ತೊಂದರೆ ಕೊಡದ ಅಮೋನಿಯಂ, ಇನ್ನೊಂದು ಕಿವಿರು ಸುಡೋ ಅಮೋನಿಯಾ. 25 ಡಿಗ್ರಿ ಬಿಸಿ ಇರೋ ನೀರಲ್ಲಿ ಪಿಎಚ್ 7 ಇದ್ರೆ ವಿಷದ ರೂಪ ನೂರಕ್ಕೆ ಒಂದೂ ಇಲ್ಲ, ಸುಮಾರು ಅರ್ಧ (0.5%) ಅಷ್ಟೇ, ಅದೇ ಪಿಎಚ್ 8 ಆದ್ರೆ ನೂರಕ್ಕೆ ಐದು ದಾಟತ್ತೆ. ಹತ್ತು ಪಟ್ಟು! ಅಂದ್ರೆ ಮಲೆನಾಡಿನ ಮೆದು ನೀರಲ್ಲಿ ಒಬ್ಬರು ಒಂದೇ ದಿನದಲ್ಲಿ ಮರಳು ಬದಲಾಯಿಸಿ ಏನೂ ಆಗಲಿಲ್ಲ ಅಂದ್ರೆ, ಅದೇ ಕೆಲಸ ಅದೇ ಥರ ಇಲ್ಲಿ ಮಾಡಿದ್ರೆ ಮೀನು ಸಾಯಬಹುದು. ಟೆಸ್ಟ್ ಕಿಟ್ಟಲ್ಲಿ ಇಬ್ಬರಿಗೂ ಒಂದೇ ಬಣ್ಣ ತೋರ್ಸತ್ತೆ, ಯಾಕಂದ್ರೆ ಕಿಟ್ಟು ಎರಡೂ ರೂಪ ಸೇರಿಸಿ ತೋರ್ಸೋದು.

ಇದಕ್ಕೆ ಹೆದರಿ ಕೆಲವರು ಊರಲ್ಲಿ ಕಾಯಿನ್ ಹಾಕಿದ್ರೆ 20 ಲೀಟರ್ ಬರತ್ತಲ್ಲ ಶುದ್ಧ ನೀರಿನ ಘಟಕ, ಅಲ್ಲಿಂದ ಕ್ಯಾನ್ ಕ್ಯಾನ್ ತಂದು ಪೂರ್ತಿ ಆರ್‌ಓ ನೀರೇ ತುಂಬಿಸ್ತಾರೆ. ಅದೂ ತಪ್ಪು. ಗಡಸು ನೀರಲ್ಲಿ ವರ್ಷಗಟ್ಟಲೆ ಇದ್ದ ಮೀನನ್ನ ಒಂದೇ ಏಟಿಗೆ ಲವಣ ತೀರಾ ಕಮ್ಮಿ ಇರೋ ನೀರಿಗೆ ಬಿಟ್ರೆ ಮೈಯೊಳಗಿನ ಉಪ್ಪಿನ ಲೆಕ್ಕ ತಪ್ಪಿ ಶಾಕ್ ಆಗತ್ತೆ, ಬ್ಯಾಕ್ಟೀರಿಯಾಕ್ಕೂ ಆ ಗಡಸಿನಲ್ಲಿರೋ ಕಾರ್ಬೊನೇಟ್ ಬೇಕು. ಮರಳು ಬದಲಾಯಿಸೋ ವಾರ ನೀರಿನ ಜಾತಿ ಬದಲಾಯಿಸಬೇಡಿ, ಯಾವ ನೀರಲ್ಲಿ ಇದ್ವೋ ಅದೇ ನೀರು. ಆರ್‌ಓ ಬೆರೆಸಬೇಕು ಅಂತಿದ್ರೆ ಆಮೇಲೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪ ಬೆರೆಸ್ಕೊಂಡು ಹೋಗಿ.

ಬೋರ್ ನೀರನ್ನ ಎತ್ತಿದ ತಕ್ಷಣ ಹಾಕೋದೂ ಬೇಡ. ಆಳದ ನೀರಲ್ಲಿ ಆಕ್ಸಿಜನ್ ಕಮ್ಮಿ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಡ್ರಮ್ಮಲ್ಲಿ ಹಿಡಿದು ರಾತ್ರಿ ಪೂರ್ತಿ ಏರ್ ಪಂಪ್ ಬಿಟ್ರೆ ಆ ಗ್ಯಾಸ್ ಹೋಗಿ ಪಿಎಚ್ ಮೇಲೇರಿ ಒಂದು ಕಡೆ ನಿಲ್ಲತ್ತೆ, ಆವಾಗ ಬರೋ ರೀಡಿಂಗೇ ನಿಮ್ಮ ನೀರಿನ ನಿಜವಾದ ರೀಡಿಂಗು. ಯರಗೋಳ್ ಡ್ಯಾಂ ನೀರು ನಲ್ಲೀಲಿ ಬರೋ ಏರಿಯಾದವರು, ಟ್ಯಾಂಕರ್ ಹಾಕಿಸ್ಕೊಳ್ಳೋರು ಕ್ಲೋರಿನ್ ಇದೆ ಅಂತಲೇ ಅಂದ್ಕೊಂಡು ಆಂಟಿ ಕ್ಲೋರಿನ್ ಹಾಕಿ, ಅಂಗಡೀಲಿ ಸಿಗೋ ಆ ಹರಳು ಸೋಡಿಯಂ ಥಯೋಸಲ್ಫೇಟ್ ಅಷ್ಟೇ, ದುಬಾರಿ ಬಾಟಲಿ ಏನೂ ಬೇಕಾಗಿಲ್ಲ. ಕೆರೆ ನೀರು ಮಾತ್ರ ಬೇಡವೇ ಬೇಡ. ಈಗ ನಮ್ಮ ಎಷ್ಟೋ ಕೆರೆ ತುಂಬಿರೋದು 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿಂದ ಬರೋ ಸಂಸ್ಕರಿಸಿದ ಕೊಳಚೆ ನೀರಿಂದ, ಅಂತರ್ಜಲಕ್ಕೆ ಅಂತ ಬಿಟ್ಟಿರೋದು ಅದು, ಗಾಜಿನ ತೊಟ್ಟಿಗಲ್ಲ.

ಈಗ ಯಾವ ಮರಳು. ಇದರಲ್ಲೇ ಜಾಸ್ತಿ ಜನ ಎಡವೋದು, ಯಾಕಂದ್ರೆ ಮರಳು ಅಂದ್ರೆ ಮರಳು ಅಂದ್ಕೊಂಡಿರ್ತಾರೆ.

ಮನೆ ಕಟ್ಟೋ ಕಡೆ ಬಿದ್ದಿರೋದು ಈಗ ಬಹುಪಾಲು ಎಂ-ಸ್ಯಾಂಡ್, ಕ್ರಷರಲ್ಲಿ ಗ್ರಾನೈಟ್ ಪುಡಿ ಮಾಡಿದ್ದು. ನೀರಿನ ಗುಣ ಏನೂ ಬದಲಾಯಿಸಲ್ಲ, ಆದ್ರೆ ಕಾಳು ಚೂಪು, ಧೂಳು ಸಿಕ್ಕಾಪಟ್ಟೆ. ಗಪ್ಪಿ, ಮಾಲಿ, ಏಂಜಲ್ ಥರ ಮಧ್ಯದಲ್ಲಿ ಮೇಲೆ ಓಡಾಡೋ ಮೀನಿಗೆ ನಡಿಯತ್ತೆ, ಗೋಲ್ಡ್ ಫಿಶ್ ಬಾಯಲ್ಲಿ ತುಂಬ್ಕೊಂಡು ಉಗುಳ್ತಾ ಇರತ್ತಲ್ಲ ಅದಕ್ಕೆ, ಕೋರಿಡೋರಸ್‌ಗೆ, ಲೋಚಿಗೆ ಬೇಡ. ಫಿಲ್ಟರ್ ಮರಳು ಅಂತ ನಮ್ಮ ಜಿಲ್ಲೇಲಿ ಇನ್ನೊಂದು ಇದೆ, ಕೆರೆ ಅಂಗಳದ್ದೋ ಹೊಲದ್ದೋ ಮಣ್ಣು ಅಗೆದು ನೀರಲ್ಲಿ ತೊಳೆದು ತೆಗೆಯೋದು, ಅದು ಕಾನೂನಿಗೂ ವಿರುದ್ಧ, ಜೇಡಿ ಅಂಶ ಎಷ್ಟು ತೊಳೆದ್ರೂ ಬಿಡಲ್ಲ, ಟ್ಯಾಂಕಲ್ಲಿ ತಿಂಗಳಾದ್ರೂ ನೀರು ಬಗ್ಗಡ.

ಕೆಜಿಎಫ್ ಕಡೆಯವರಿಗೆ ಒಂದು ಮಾತು ಜೋರಾಗಿ ಹೇಳ್ಬೇಕು. ಸೈನೈಡ್ ದಿಬ್ಬದ ಮರಳು ತರಬೇಡಿ. ನೋಡಕ್ಕೆ ನುಣ್ಣಗೆ ಬೆಳ್ಳಗೆ ಚೆನ್ನಾಗಿ ಕಾಣತ್ತೆ, ಬಿಟ್ಟಿ ಸಿಗತ್ತೆ, ಆದ್ರೆ ಅದು ಅದಿರು ಪುಡಿ ಮಾಡಿ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಗಣಿ ಮುಚ್ಚಿದ್ದು 2001ರಲ್ಲಿ, ಇಷ್ಟು ವರ್ಷ ಮಳೆ ಬಿಸಿಲಿಗೆ ಬಿದ್ದಿದೆ ಏನೂ ಇರಲ್ಲ ಬಿಡಿ ಅಂತ ವಾದ ಮಾಡೋರು ಇದಾರೆ, ಸೈನೈಡ್ ಬಿಸಿಲಿಗೆ ಒಡೆದು ಹೋಗತ್ತೆ ಅನ್ನೋದು ಸರಿನೇ, ಲೋಹದ ಅಂಶ ಎಲ್ಲಿಗೆ ಹೋಗತ್ತೆ? ಬೇರೆ ಏನೂ ಇಲ್ಲ ಅಂದ್ರೂ ಆ ಪುಡಿ ಅಷ್ಟು ನುಣುಪಿಗೆ ನೀರಲ್ಲಿ ಗಾರೆ ಆಗಿ ಕೂರತ್ತೆ, ಕೆಳಗೆ ಗಾಳಿ ಆಡಲ್ಲ.

ನನ್ನ ಕೇಳಿದ್ರೆ ನಮ್ಮ ಊರಲ್ಲಿ ಸಿಗೋದ್ರಲ್ಲಿ ಬೆಸ್ಟ್ ಅಂದ್ರೆ ಬೋರ್ ನೀರಿನ ದೊಡ್ಡ ಸ್ಯಾಂಡ್ ಫಿಲ್ಟರಿಗೆ ತುಂಬಿಸೋ ಸಿಲಿಕಾ ಮರಳು. ಚೀಲದಲ್ಲಿ ಬರತ್ತೆ, ಸೈಜ್ ಪ್ರಕಾರ ಜರಡಿ ಹಿಡಿದಿರ್ತಾರೆ, ಬೆಣಚು ಕಲ್ಲಿನ ಜಾತಿ ಆಗಿರೋದ್ರಿಂದ ನೀರಿಗೆ ಏನೂ ಬಿಡಲ್ಲ. ಅಕ್ವೇರಿಯಂ ಅಂಗಡೀಲಿ ಸಣ್ಣ ಪ್ಯಾಕೆಟ್ಟಲ್ಲಿ ಮಾರೋದಕ್ಕೂ ಇದಕ್ಕೂ ಕೆಜಿ ರೇಟಲ್ಲಿ ಅಜಗಜಾಂತರ. ಕಾಳು ರಾಗಿ ಗಾತ್ರ ಇರೋದು ಆರಿಸ್ಕೊಳ್ಳಿ, ಅದಕ್ಕಿಂತ ಸಣ್ಣದಾದ್ರೆ ಗಟ್ಟಿ ಕೂರತ್ತೆ, ತುಂಬಾ ದಪ್ಪ ಆದ್ರೆ ಸಂದೀಲಿ ಫುಡ್ಡು ಇಳಿದು ಕೊಳೆಯತ್ತೆ.

ಯಾವುದೇ ತಂದ್ರೂ ಒಂದು ಟೆಸ್ಟ್ ಮಾಡಿ. ಒಣಗಿದ ಒಂದು ಹಿಡಿ ಸ್ಟೀಲ್ ಲೋಟಕ್ಕೆ ಹಾಕಿ ಮೇಲೆ ಬಿಳೀ ವಿನೆಗರ್ ಸುರೀರಿ. ಸುಮ್ನೆ ಇದ್ರೆ ಸರಿ. ಕಾಳಿನ ಮೈಮೇಲಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳ್ತಾ ಇದ್ರೆ, ಕಿವಿ ಹತ್ರ ಇಟ್ರೆ ಸೊಂಯ್ ಅಂತ ಕೇಳಿಸಿದ್ರೆ, ಸುಣ್ಣಕಲ್ಲು ಇದೆ ಅಂತ. ಹಳ್ಳದ ಮರಳಲ್ಲಿ ಬೆಳ್ಳಗೆ ಸಣ್ಣ ಉಂಡೆ ಉಂಡೆ ಸಿಗತ್ತಲ್ಲ, ಅದೇ. ಅದನ್ನ ಹಾಕಿದ್ರೆ ಗಡಸು ಇನ್ನೂ ಏರತ್ತೆ. ಆಫ್ರಿಕನ್ ಸಿಕ್ಲಿಡ್ ಸಾಕೋರಿಗೆ ಬೇಕಾದ್ರೆ ಇರ್ಲಿ, ಅವಕ್ಕೆ ಗಡಸು ನೀರೇ ಇಷ್ಟ, ಮಿಕ್ಕವರಿಗೆ ಬೇಡ.

ಅಕ್ವಾ ಸಾಯಿಲ್, ಅಂದ್ರೆ ಟ್ಯಾಂಕಿನ ಗಿಡಕ್ಕೆ ಅಂತಲೇ ಮಾಡಿ ಮಾರೋ ಮಣ್ಣಿನ ಕಾಳು, ಅದರ ಬಗ್ಗೆ ಕೇಳ್ತಾರೆ. ಗಿಡಕ್ಕೆ ಅದರಷ್ಟು ಒಳ್ಳೇದಿಲ್ಲ ಒಪ್ತೀನಿ, ಆದ್ರೆ ಅದು ಮೊದಲ ಕೆಲವು ವಾರ ತಾನೇ ಅಮೋನಿಯಾ ಬಿಡತ್ತೆ, ಮೀನಿರೋ ಟ್ಯಾಂಕಿಗೆ ನೇರ ಸುರಿಯೋ ವಸ್ತು ಅಲ್ಲ. ಇನ್ನೊಂದು, ಅದು ನೀರಿನ ಕಾರ್ಬೊನೇಟ್ ಹೀರ್ಕೊಂಡು ಪಿಎಚ್ ಇಳಿಸತ್ತೆ, ಆ ಹೀರೋ ಶಕ್ತಿಗೆ ಒಂದು ಮಿತಿ ಇದೆ, ನಮ್ಮ ಬೋರ್ ನೀರು ಹಾಕ್ತಾ ಹೋದ್ರೆ ಬೇಗ ಮುಗಿದು ಹೋಗತ್ತೆ, ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಪಿಎಚ್ ವಿಷಯದಲ್ಲಿ ಬರೀ ಮಣ್ಣಾಗಿ ಉಳಿಯತ್ತೆ. ಆರ್‌ಓ ಬಳಸೋರಿಗೆ ಮಾತ್ರ ಅದು.

ಎಷ್ಟು ಬೇಕು ಅಂತ ಅಂದಾಜಿಗೆ: ಉದ್ದ, ಅಗಲ, ಎಷ್ಟು ದಪ್ಪ ಬೇಕು, ಮೂರನ್ನೂ ಸೆಂಟಿಮೀಟರಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದ್ರೆ ಲೀಟರ್ ಬರತ್ತೆ, ಅದನ್ನ ಒಂದೂವರೆಯಿಂದ ಗುಣಿಸಿ ಸ್ವಲ್ಪ ಮೇಲೆ ಸೇರಿಸಿದ್ರೆ ಕೆಜಿ. ಎರಡಡಿ ಉದ್ದ ಒಂದಡಿ ಅಗಲದ ಟ್ಯಾಂಕಿಗೆ 4 ಸೆಂಟಿಮೀಟರ್ ದಪ್ಪಕ್ಕೆ ಅಂದ್ರೆ 60, 30, 4 ಗುಣಿಸಿ 7.2 ಲೀಟರ್, ಹನ್ನೊಂದು ಹನ್ನೆರಡು ಕೆಜಿ. ಗಿಡ ಇಲ್ಲದಿದ್ರೆ ಮೂರು ನಾಲ್ಕು ಸೆಂಟಿಮೀಟರ್ ಸಾಕು, ಬೇರು ಬಿಡೋ ಗಿಡ ಇದ್ರೆ ಆರರ ತನಕ. ಮೂರಡಿ ಟ್ಯಾಂಕಿನವರು ಸ್ಟ್ಯಾಂಡ್ ತಡಿಯತ್ತಾ ನೋಡ್ಕೊಳ್ಳಿ.

ತೊಳೆಯೋದು. ಇದರಲ್ಲಿ ಸೋಮಾರಿತನ ಮಾಡಿದ್ರೆ ಆಮೇಲೆ ದಿನಗಟ್ಟಲೆ ನೀರು ಹಾಲುಬಿಳುಪು. ಒಂದು ಸಲಕ್ಕೆ ಎರಡು ಮೂರು ಕೆಜಿ ಮಾತ್ರ ಬಕೆಟ್ಟಿಗೆ ಹಾಕಿ, ಪೈಪನ್ನ ಮರಳಿನ ಬುಡಕ್ಕೆ ತುರುಕಿ ನೀರು ಬಿಡಿ, ಇನ್ನೊಂದು ಕೈ ಮೊಣಕೈ ತನಕ ಇಳಿಸಿ ತಳದಿಂದ ಮೇಲಕ್ಕೆ ಮಗುಚ್ತಾ ಇರಿ. ಮೊದಲು ಬರೋ ನೀರು ದಟ್ಟ ಬೂದಿ ಬಣ್ಣ, ಬಕೆಟ್ ಅಂಚಿಂದ ನೊರೆ ಸಮೇತ ಉಕ್ಕಿ ಹರಿಯತ್ತೆ, ಆಮೇಲೆ ತೆಳುವಾಗ್ತಾ ಬರತ್ತೆ, ಒಂದು ಹಂತದಲ್ಲಿ ಇನ್ನು ಸಾಕು ಅನ್ಸತ್ತೆ, ಸಾಕಾಗಿರಲ್ಲ. ಮರಳನ್ನ ಜೋರಾಗಿ ಕಲಕಿ, ಕೈ ತೆಗೆದು, ಹತ್ತು ಎಣಿಸೋ ಅಷ್ಟರಲ್ಲಿ ಬಕೆಟ್ ತಳದ ಕಾಳು ಕಾಳು ಕಾಣ್ಬೇಕು, ಅಲ್ಲಿ ತನಕ ನಿಲ್ಲಿಸಬೇಡಿ. ನೀರಿನ ಕಷ್ಟ ಇರೋ ಊರು ನಮ್ಮದು, ಆ ನೀರನ್ನ ಚರಂಡಿಗೆ ಬಿಡೋ ಬದಲು ತೆಂಗಿನ ಬುಡಕ್ಕೋ ಕರಿಬೇವಿನ ಗಿಡಕ್ಕೋ ಹರಿಯೋ ಹಾಗೆ ಹಿತ್ತಲಲ್ಲೇ ಕೂತು ತೊಳೀರಿ. ಸೋಪು, ಸರ್ಫು, ಪಾತ್ರೆ ತೊಳೆದ ಬಕೆಟ್ಟು, ಯಾವುದೂ ಹತ್ರ ಬರಬಾರದು. ಕೊನೇ ಸಲ ತೊಳೆಯೋ ನೀರು ಕ್ಲೋರಿನ್ ಇಲ್ಲದ್ದು ಆದ್ರೆ ಒಳ್ಳೇದು.

ಇಷ್ಟಾದ್ಮೇಲೆ ದಿನ ಗೊತ್ತು ಮಾಡ್ಕೊಳ್ಳಿ. ಕರೆಂಟ್ ಇಡೀ ದಿನ ಇರೋ ದಿನ ಆಗ್ಬೇಕು, ಬೆಸ್ಕಾಂನವರು ಮೆಂಟೆನೆನ್ಸ್ ಅಂತ ಪೇಪರಲ್ಲಿ ಹಾಕಿರೋ ದಿನ ಅಲ್ಲ. ಬೆಳಿಗ್ಗೆನೇ ಶುರು ಮಾಡಿ, ಏಪ್ರಿಲ್ ಮೇ ಆದ್ರಂತೂ ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕಿನ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ಇರತ್ತೆ. ಹಿಂದಿನ ದಿನದಿಂದ ಮೀನಿಗೆ ಫುಡ್ ಬೇಡ, ಹೊಟ್ಟೆ ಖಾಲಿ ಇದ್ರೆ ಟಬ್ಬಲ್ಲಿ ಗಲೀಜು ಕಮ್ಮಿ, ಒಂದು ದಿನ ಉಪವಾಸ ಇದ್ರೆ ಅವಕ್ಕೇನೂ ಆಗಲ್ಲ. ಎರಡು ಮೂರು ದಿನ ಮುಂಚೆ ಕಲ್ಲಿನ ಮೇಲ್ಗಡೆ ಸೈಫನ್ ಹಾಕಿ ಎಷ್ಟು ಗಸಿ ಬರತ್ತೋ ಅಷ್ಟು ತೆಗೆದುಬಿಡಿ, ಆ ದಿನದ ಕೆಲಸ ಅರ್ಧ ಹಗುರ.

ಮಾಡೋ ರೀತಿ ಮೂರಿವೆ, ಯಾವುದು ನಿಮಗೆ ಅಂತ ಫಿಲ್ಟರ್ ನೋಡಿ, ಮೀನು ಎಷ್ಟಿವೆ ನೋಡಿ ಆರಿಸ್ಕೊಳ್ಳಿ.

ಸೇಫ್ ಆಗಿರೋದು ಪಾಲು ಪಾಲಾಗಿ ಬದಲಾಯಿಸೋದು. ಟ್ಯಾಂಕನ್ನ ಮನಸ್ಸಲ್ಲೇ ಮೂರು ಭಾಗ ಮಾಡಿ, ಮೀನು ಒಳಗೇ ಇರ್ಲಿ, ಒಂದು ಭಾಗದ ಕಲ್ಲು ಮಾತ್ರ ನಿಧಾನವಾಗಿ ತೆಗೆದು ಅಲ್ಲಿ ಹೊಸ ಮರಳು ಹಾಕಿ, ಮಧ್ಯೆ ಒಂದು ಉದ್ದ ಗಾಜಿನ ಪಟ್ಟಿಯೋ ಪ್ಲಾಸ್ಟಿಕ್ ಸ್ಕೇಲೋ ನಿಲ್ಲಿಸಿದ್ರೆ ಎರಡೂ ಬೆರೆಯಲ್ಲ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು ಭಾಗ, ಆಮೇಲೆ ಇನ್ನೊಂದು. ಒಂದು ತಿಂಗಳು ಟ್ಯಾಂಕ್ ಅಸಹ್ಯವಾಗಿ ಕಾಣತ್ತೆ, ಮನೆಗೆ ಬಂದವರೆಲ್ಲ ಏನಿದು ಅಂತಾರೆ, ಅನ್ನಲಿ. ಫಿಲ್ಟರ್ ಚಿಕ್ಕದಿದ್ರೆ, ಮೀನು ಜಾಸ್ತಿ ಇದ್ರೆ, ಅಂಡರ್ ಗ್ರಾವೆಲ್ ಇಂದ ಸ್ಪಂಜಿಗೆ ಈಗಷ್ಟೇ ಬಂದಿದ್ರೆ ಇದೇ ಮಾಡಿ.

ಎರಡನೇದು ಪೈಪಲ್ಲಿ ಎಳೆಯೋದು, ಹಳೇದು ಸಣ್ಣ ಮರಳಾಗಿದ್ರೆ ಇದು ಬಲು ಸುಲಭ. ಮುಕ್ಕಾಲು ಇಂಚಿನ ಪೈಪು ಸಾಕು, ವಾರದ ನೀರು ಬದಲಾವಣೆ ದಿನ ನೀರಿನ ಜೊತೆ ಒಂದಷ್ಟು ಮರಳೂ ಬಕೆಟ್ಟಿಗೆ ಬರತ್ತೆ. ಬಾಯಲ್ಲಿ ಎಳೀಬೇಡಿ, ಪೈಪಿಗೆ ಮೊದಲೇ ನೀರು ತುಂಬಿಸಿ ಎರಡೂ ತುದಿ ಬೆರಳಲ್ಲಿ ಮುಚ್ಚಿ ಒಂದನ್ನ ಟ್ಯಾಂಕಲ್ಲಿ ಒಂದನ್ನ ಬಕೆಟ್ಟಲ್ಲಿ ಬಿಡಿ, ತಾನೇ ಹರಿಯತ್ತೆ. ನಾಲ್ಕೈದು ವಾರದಲ್ಲಿ ತಳ ಖಾಲಿ. ಬೇಕಾದ್ರೆ ಒಂದೆರಡು ವಾರ ಹಾಗೇ ಬರೀ ಗಾಜಿನ ತಳ ಬಿಟ್ಟು ಆಮೇಲೆ ಹೊಸದು ಹಾಕಿ, ಅಷ್ಟರಲ್ಲಿ ಫಿಲ್ಟರ್ ಪೂರ್ತಿ ಭಾರ ಹೊತ್ಕೊಳ್ಳೋದು ಕಲ್ತಿರತ್ತೆ.

ಮೂರನೇದು ಒಂದೇ ದಿನದ್ದು. ಒಳ್ಳೇ ಫಿಲ್ಟರ್ ಇದೆ, ಮೀನು ಕಮ್ಮಿ, ಹಳೇ ಕಲ್ಲು ದಪ್ಪ, ಅಂಥವರಿಗೆ. ಮೊದಲು ಎಲ್ಲಾ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ, ಹೀಟರ್ ಇದ್ರೆ ಆಫ್ ಮಾಡಿ ಕಾಲು ಗಂಟೆ ಬಿಟ್ಟು ತೆಗೀರಿ, ಬಿಸಿ ಹೀಟರ್ ಗಾಳಿಗೆ ಬಂದ್ರೆ ಗಾಜು ಸೀಳತ್ತೆ. ಟ್ಯಾಂಕಿನ ನೀರನ್ನೇ ಅರ್ಧ ಭಾಗ ದೊಡ್ಡ ಟಬ್ಬಿಗೋ ಡ್ರಮ್ಮಿಗೋ ತೆಗೆದು, ಮೀನನ್ನ ಅದಕ್ಕೆ ಬಿಟ್ಟು, ಫಿಲ್ಟರನ್ನೂ ಅದರಲ್ಲೇ ಓಡ್ಸಿ. ಸ್ಪಂಜು ಒಣಗಿದ್ರೆ, ಗಂಟೆಗಟ್ಟಲೆ ನಿಂತ್ರೆ ಬ್ಯಾಕ್ಟೀರಿಯಾ ಸಾಯತ್ತೆ. ಮೇಲೆ ಒಂದು ಬಟ್ಟೆ ಹೊದಿಸಿ, ಕತ್ತಲಲ್ಲಿ ಮೀನು ಸುಮ್ನಿರತ್ತೆ, ಹಾರೋದೂ ಇಲ್ಲ, ಮನೇಲಿ ಬೆಕ್ಕಿದ್ರೆ ಅದಕ್ಕೂ ಆಯ್ತು.

ಈ ಮೂರನೇ ರೀತೀಲಿ ಮೀನು ಆಚೆ ಬಂದ ಮೇಲೇನೇ ಕಲ್ಲಿಗೆ ಕೈ ಹಾಕೋದು. ಈ ಒಂದು ಮಾತು ಮರೀಬೇಡಿ. ಹಳೇ ಟ್ಯಾಂಕಿನ ತಳಕ್ಕೆ ಕೈ ಇಳಿಸಿ ಒಂದು ಬೊಗಸೆ ಎತ್ತಿ ನೋಡಿ, ಕಲ್ಲಿನ ಮೇಲ್ಪದರ ಕಂದು, ಅದರ ಕೆಳಗೆ ಬೂದು, ಗಾಜಿಗೆ ಅಂಟಿಕೊಂಡ ಕಡೆ ಕಪ್ಪು ಮಸಿ, ಆ ಕಪ್ಪಿಂದ ಕೊಳೆತ ಮೊಟ್ಟೆ ವಾಸನೆ ಗುಪ್ಪಂತ ಬರತ್ತೆ, ಬೆರಳ ಸಂದೀಲಿ ಜಿಡ್ಡುಜಿಡ್ಡು ಇಳಿಯತ್ತೆ, ಕ್ಷಣದಲ್ಲಿ ಇಡೀ ಟ್ಯಾಂಕ್ ಕಾಫಿ ಬಣ್ಣ. ಆ ವಾಸನೆ ಹೈಡ್ರೋಜನ್ ಸಲ್ಫೈಡು, ಗಾಳಿ ಆಡದ ಕಡೆ ಹುಟ್ಟೋದು, ಮೀನಿಗೆ ವಿಷ. ಕಿಟಕಿ ತೆಗೆದಿಡಿ. ಕಲ್ಲು ತೆಗೆಯಕ್ಕೆ ಪ್ಲಾಸ್ಟಿಕ್ ಡಬ್ಬಿಯೋ ಮಗ್ಗೋ ಬಳಸಿ, ಗಾರೆ ಕೆಲಸದ ಬಾಂಡ್ಲಿ ಕರಣೆ ಇಳಿಸಿದ್ರೆ ಗಾಜು ಗೀರತ್ತೆ, ಮೂಲೇಲಿರೋ ಸಿಲಿಕಾನ್ ಕಿತ್ತು ಬಂದ್ರೆ ಸೋರಕ್ಕೆ ಶುರು. ಆ ರಾಡಿ ನೀರು ಪೂರ್ತಿ ಚೆಲ್ಲಿ, ಅದನ್ನ ಉಳಿಸ್ಕೊಳ್ಳೋದು ಬೇಡ. ಕಲ್ಲು ನೀರು ತುಂಬಿರೋ ಟ್ಯಾಂಕನ್ನ ಸ್ವಲ್ಪ ಆ ಕಡೆ ಸರಿಸೋಣ ಅಂತ ಇಬ್ಬರು ಹಿಡಿದು ಎತ್ತೋದು ಮಾತ್ರ ಮಾಡಬೇಡಿ, ತಳದ ಗಾಜು ಬಿರುಕು ಬಿಡೋದೇ ಆಗ. ಪೂರ್ತಿ ಖಾಲಿ ಆದ್ಮೇಲೆ ಎತ್ತಿ, ಕೆಳಗಿನ ಥರ್ಮಾಕೋಲ್ ಕುಗ್ಗಿದ್ರೆ ಹೊಸ ಶೀಟ್ ಹಾಕೋಕೂ ಇದೇ ಸಮಯ. ಗೋಡೆ ಕಡೆ ಇರೋ ಹಿಂದಿನ ಗಾಜಿನ ಪಾಚಿ ಉಜ್ಜಕ್ಕೆ ಹೋಗಬೇಡಿ, ಎದುರುಗಡೆ ಗಾಜು ಒಂದು ಒರೆಸಿ ಸಾಕು.

ಹಳೇ ಕಲ್ಲಲ್ಲಿ ಚೆನ್ನಾಗಿರೋ ಮೇಲ್ಪದರದ್ದು ಎರಡು ಮೂರು ಹಿಡಿ ಟಬ್ಬಿನ ನೀರಲ್ಲೇ ಅಲ್ಲಾಡಿಸಿ, ಈರುಳ್ಳಿ ಬೆಳ್ಳುಳ್ಳಿ ಬರೋ ಬಲೆ ಚೀಲ ಅಥವಾ ಹಳೇ ನೈಲಾನ್ ಸಾಕ್ಸ್ ಚೆನ್ನಾಗಿ ತೊಳೆದು ಅದರಲ್ಲಿ ಕಟ್ಟಿಡಿ, ಹೊಸ ಮರಳಿನ ಮೇಲೆ ಒಂದು ಮೂಲೇಲಿ ಮೂರ್ನಾಲ್ಕು ವಾರ ಇರ್ಲಿ, ಅದರಿಂದ ಬ್ಯಾಕ್ಟೀರಿಯಾ ಹೊಸ ಮರಳಿಗೆ ಹಬ್ಬತ್ತೆ.

ಹೊಸ ಮರಳನ್ನ ಒದ್ದೆಯಾಗೇ ಹಾಕಿ, ಹಿಂದೆ ಸ್ವಲ್ಪ ಎತ್ತರ ಮುಂದೆ ಇಳಿಜಾರು ಮಾಡಿ. ದೊಡ್ಡ ಕಲ್ಲು, ಮರದ ಬೇರು ಇಡೋದಿದ್ರೆ ಮೊದಲು ಗಾಜಿನ ಮೇಲೆ ನಿಲ್ಲಿಸಿ ಆಮೇಲೆ ಸುತ್ತ ಮರಳು ತುಂಬಿ, ಮರಳಿನ ಮೇಲಿಟ್ರೆ ಮೀನು ಕೆಳಗೆ ಕೆದಕಿ ಒಂದಿನ ಉರುಳತ್ತೆ. ನೀರು ಹಾಕೋಕೆ ಮುಂಚೆ ಮರಳಿನ ಮೇಲೆ ಊಟದ ತಟ್ಟೆ ಒಂದು ಇಟ್ಟು ಅದರ ಮೇಲೆ ನಿಧಾನ ಸುರೀರಿ. ಮೊದಲು ಟಬ್ಬಲ್ಲಿ ಉಳಿಸಿದ ಹಳೇ ತಿಳಿ ನೀರು (ಮೀನಿಗೆ ಬೇಕಾದಷ್ಟು ಅಲ್ಲೇ ಬಿಟ್ಟು), ಆಮೇಲೆ ಡ್ರಮ್ಮಲ್ಲಿ ರಾತ್ರಿ ಇಟ್ಟಿದ್ದ ಹೊಸ ನೀರು. ಫಿಲ್ಟರನ್ನ ಕಾಲು ಗಂಟೆ ಬಿಟ್ಟು, ತೇಲೋ ಧೂಳು ಸ್ವಲ್ಪ ಕೂತ ಮೇಲೆ ಆನ್ ಮಾಡಿ, ಪವರ್ ಫಿಲ್ಟರಿನ ಫ್ಯಾನಿಗೆ ಮರಳು ಸಿಕ್ಕಿದ್ರೆ ಗರಗರ ಅಂತ ಸವೆದು ಹೋಗತ್ತೆ. ನೀರಿನ ಬಿಸಿ ಎರಡೂ ಕಡೆ ಒಂದೇ ಇದ್ಯಾ ನೋಡಿ, ಟಬ್ಬಿಗೆ ಹೊಸ ನೀರು ಮಗ್ಗಲ್ಲಿ ಸ್ವಲ್ಪಸ್ವಲ್ಪ ಬೆರೆಸ್ತಾ ಅರ್ಧ ಗಂಟೆ ಬಿಟ್ಟು ಮೀನು ಒಳಗೆ ಬಿಡಿ. ನೀರು ಸ್ವಲ್ಪ ಮಬ್ಬಾಗಿದ್ರೆ ಪರವಾಗಿಲ್ಲ, ಒಂದೆರಡು ದಿನಕ್ಕೆ ತಿಳಿಯಾಗತ್ತೆ, ಅದಕ್ಕೆ ಅಂತ ಪಟಿಕ ಗಿಟಿಕ ಹಾಕ್ಬೇಡಿ.

ಮುಂದಿನ ಎರಡು ವಾರ ಶಿಸ್ತು. ಆ ದಿನ ಫುಡ್ ಇಲ್ಲ, ಮಾರನೇ ದಿನ ಚಿಟಿಕೆ, ಒಂದು ವಾರ ಅರ್ಧ ಹೊಟ್ಟೆ. ಅಮೋನಿಯಾ, ನೈಟ್ರೈಟ್ ಎರಡರದ್ದೂ ಡ್ರಾಪ್ಸ್ ಕಿಟ್ ತಂದು ದಿನಾ ನೋಡಿ, ಎರಡೂ ಸೊನ್ನೆ ಇರ್ಬೇಕು. ಅಮೋನಿಯಾ 0.25 ತೋರ್ಸಿದ್ರೂ ನಮ್ಮ ಪಿಎಚ್‌ಗೆ ಅದು ಹಗುರ ಅಲ್ಲ, ಅವತ್ತೇ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಾಯಿಸಿ, ಮಾರನೇ ದಿನ ಮತ್ತೆ ನೋಡಿ. ನೈಟ್ರೈಟ್ ಏರಿದ್ರೆ ನೀರು ಬದಲಾವಣೆ ಜೊತೆ ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಬೇರೆ ಮಗ್ಗಲ್ಲಿ ಕರಗಿಸಿ ಹಾಕಿ, ಉಪ್ಪಿನ ಕ್ಲೋರೈಡು ನೈಟ್ರೈಟನ್ನ ಕಿವಿರಿನ ಮೂಲಕ ಒಳಗೆ ಹೋಗಕ್ಕೆ ಬಿಡಲ್ಲ. ಏರ್ ಪಂಪ್ ಹಗಲೂ ರಾತ್ರಿ ಓಡ್ಲಿ. ಕಿಟ್ ಇಲ್ಲದೋರು ಮೀನನ್ನೇ ನೋಡಿ, ಬೆಳಿಗ್ಗೆ ಲೈಟ್ ಹಾಕೋ ಮುಂಚೆ ಮೇಲ್ಗಡೆ ಬಾಯಿ ಬಡೀತಿದ್ರೆ, ಕಿವಿರು ಜೋರಾಗಿ ಆಡ್ತಿದ್ರೆ, ಕೆಂಪಗೆ ಕಂಡ್ರೆ, ಮೊದಲು ನೀರು ಬದಲಾಯಿಸಿ ಆಮೇಲೆ ಯೋಚನೆ ಮಾಡಿ.

ಈ ಎರಡು ಮೂರು ವಾರ ಫಿಲ್ಟರ್ ತೊಳೆಯೋದು ಬಂದ್. ಸ್ಪಂಜು ಕಟ್ಕೊಂಡು ನೀರೇ ಬರ್ತಿಲ್ಲ ಅಂದ್ರೆ ಟ್ಯಾಂಕಿನ ನೀರನ್ನೇ ಮಗ್ಗಲ್ಲಿ ತಗೊಂಡು ಎರಡು ಸಲ ಮೆಲ್ಲಗೆ ಹಿಂಡಿ, ಅಷ್ಟೇ. ಹೊಸ ಮೀನೂ ತರಬೇಡಿ, ಟ್ಯಾಂಕ್ ಹೊಸದಾಗಿ ಕಾಣ್ತಿದೆ ಅಂತ ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿ ಕವರ್ ಕವರ್ ತರೋ ಆಸೆ ಆಗೋದು ಇದೇ ವಾರದಲ್ಲಿ, ತಡ್ಕೊಳ್ಳಿ.

ಹಳೇ ಕಲ್ಲು ಏನ್ಮಾಡೋದು. ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹೂವಿನ ಕುಂಡದ ತಳಕ್ಕೆ ಹಾಕಿ, ನೀರು ಬಸಿಯಕ್ಕೆ ಒಳ್ಳೇದು, ಅದರಿಂದ ಬಂದ ಕಪ್ಪು ಗಸಿ ಗಿಡಕ್ಕೆ ಗೊಬ್ಬರ, ಉಪ್ಪು ಹಾಕದ ನೀರಾಗಿದ್ರೆ ಧಾರಾಳವಾಗಿ ಸುರೀರಿ. ಕೆರೆಗೆ, ರಾಜಕಾಲುವೆಗೆ ಎಸೀಬೇಡಿ, ಅದರ ಜೊತೆ ಬಸವನಹುಳದ ಮರಿ, ಗಿಡದ ಚೂರು ಹೋಗತ್ತೆ. ಟ್ಯಾಂಕ್ ಖಾಲಿ ಮಾಡೋ ನೆಪದಲ್ಲಿ ದೊಡ್ಡದಾಗಿರೋ ಸಕ್ಕರ್ ಮೀನನ್ನ ಪುಣ್ಯ ಅಂತ ಕೆರೆಗೆ ಬಿಡೋರೂ ಇದಾರೆ, ಅದು ಅಲ್ಲಿ ಬೆಳೆದು ದಂಡೆ ಕೊರೆದು ಬಲೆ ಹರಿದು ಮೀನು ಹಿಡಿಯೋರ ಹೊಟ್ಟೆ ಮೇಲೆ ಹೊಡೆಯತ್ತೆ, ಬೇಡದಿದ್ರೆ ಅಂಗಡಿಯವರಿಗೇ ವಾಪಸ್ ಕೊಡಿ, ದುಡ್ಡು ಕೊಡ್ದಿದ್ರೂ ಮೀನು ತಗೋತಾರೆ.

ಹೊಸ ಮರಳು ಉಳಿದಿದ್ರೆ ಬಿಸಾಕ್ಬೇಡಿ, ಒಣಗಿಸಿ ಒಂದು ಡಬ್ಬಕ್ಕೆ ಹಾಕಿಡಿ. ಸೈಫನ್ ಹಾಕೋವಾಗ ಪ್ರತಿ ಸಲ ಒಂದಿಷ್ಟು ಹೋಗ್ತಾನೇ ಇರತ್ತೆ, ಐದಾರು ತಿಂಗಳಿಗೆ ಮುಂದಿನ ಮೂಲೇಲಿ ಗಾಜು ಕಾಣಕ್ಕೆ ಶುರು ಆದಾಗ ಅದೇ ಬಣ್ಣ, ಅದೇ ಸೈಜ್ ಮತ್ತೆ ಅಂಗಡೀಲಿ ಸಿಗೋದು ಕಷ್ಟ.